ಹನ್ನೊಂದನೆಯ ಸ್ಟಾಪು

ಬರ್ನಿ ಊರಿನ ಬಸ್ಸು ಓಡಿಸುವವನು ನಾನು.
ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ,
ಅಷ್ಟೇ ನನ್ನ ಪಾಂಡಿತ್ಯ. ಆದರೂ ಹೇಳುತ್ತೇನೆ:
ಲಿನೆಟ್ ಟ್ಯಾಟ್ಲೊ ಪ್ರತಿ ಮಂಗಳವಾರ
ಕಲ್ಲು ತುಂಬಿದ ಬುಟ್ಟಿ ಹಿಡಿದು ಹತ್ತುತ್ತಾಳೆ,
ಮೊಟ್ಟೆ ತಂದವಳ ಹಾಗೆ ಮಡಿಲಲ್ಲಿಟ್ಟು ಕೂರುತ್ತಾಳೆ.
ತಿರುವು ಬಂದರೆ ನಾನೂ ಮೆಲ್ಲಗೆ ತಿರುಗಿಸುತ್ತೇನೆ.

ಕಡಲು ಉರುಳಿಸಿ ಉರುಳಿಸಿ ನುಣುಪು ಮಾಡಿದ ಕಲ್ಲು.
ಮೊಮ್ಮಗಳ ಉಗುರುಬಣ್ಣ, ದೋಣಿಗೆ ಬಳಿದು ಉಳಿದ ಕೆಂಪು,
ಮೇಲೊಂದು ಕೈ ವಾರ್ನಿಶ್ಶು,
ಇಲ್ಲಿನ ಮಳೆಗೆ ಅಡ್ಡಡ್ಡ ಬೀಳುವ ಚಾಳಿ, ಅದಕ್ಕೆ.
ಒಂದರ ಮೇಲೆ ಪೆಂಗ್ವಿನ್ನು, ಒಂದರ ಮೇಲೆ ಚಹಾದ ಕೆಟಲು,
ಒಂದರ ಮೇಲೆ ಏನೆಂದು ಅವಳಿಗೂ ಗೊತ್ತಿಲ್ಲ.
ಕೇಳಿದ್ದಕ್ಕೆ "ಆಲೂಗಡ್ಡೆ ಇರಬೇಕು" ಅಂದಳು.
ಬೆನ್ನಿಗೆ ಸಣ್ಣ ಅಕ್ಷರ:
ಸಿಕ್ಕವರು ಇಟ್ಟುಕೊಳ್ಳಿ,
ಇಲ್ಲ, ಇನ್ನೊಂದು ಕಡೆ ಬಚ್ಚಿಡಿ.

ಮೂವತ್ತೊಂದು ವರುಷ ಕಾಗದದ ಗಿರಣಿಯಲ್ಲಿ
ಹಾಳೆ ಎಣಿಸಿದ ಬೆರಳು.
ಗಿರಣಿ ಮುಚ್ಚಿತು, ಬೆರಳಿಗಿನ್ನೂ ಸುದ್ದಿ ಮುಟ್ಟಿಲ್ಲ.
ಈಗಲೂ ಐದೈದರ ಲೆಕ್ಕ:
ಡಯಾಲಿಸಿಸ್ ವಾರ್ಡಿನ ಕಿಟಕಿಯಂಚಿಗೆ ಐದು,
ಗ್ರಂಥಾಲಯದಲ್ಲಿ ಯಾರೂ ಮುಟ್ಟದ ತೆರಿಗೆ ಕಾನೂನಿನ ಹಿಂದೆ ಐದು,
ಫುಟ್‌ಬಾಲ್ ಮೈದಾನದಲ್ಲಿ ಸೋತ ತಂಡ ಕೂರುವ ಬೆಂಚಿನಡಿ
ಐದು, ಮತ್ತೆ ಯೋಚಿಸಿ ಇನ್ನೂ ಐದು.

ಶಾಲೆಯಿಂದ ಹೊರಹಾಕಿದ ಹುಡುಗ ಕೋಡಿ
ಒಂದು ದಿನ ಹತ್ತಿ, ಜೇಬಿಗೆ ಕೈಹಾಕಿ,
ನಾಣ್ಯವೆಂದುಕೊಂಡು ನನ್ನ ಮುಂದೆ ಕಲ್ಲಿಟ್ಟ.
ಆಲೂಗಡ್ಡೆಯೇ.
ಅದನ್ನು ನಾನೂ ನೋಡಿದೆ, ಅವನೂ ನೋಡಿದ.
"ಇದಕ್ಕೆ ಚಿಲ್ಲರೆ ಇಲ್ಲ ನನ್ನ ಹತ್ತಿರ" ಅಂದೆ.
ತಿಂಗಳ ಮೇಲೆ ಆ ಮುಖ ನಕ್ಕದ್ದು ಕಂಡೆ.

ಎಲ್ಲ ಸರಿ. ಹನ್ನೊಂದನೆಯ ಸ್ಟಾಪು ಬಂದರೆ ಮಾತ್ರ
ಲಿನೆಟ್ ಕಡಲ ಕಡೆ ತಿರುಗುತ್ತಾಳೆ,
ಎಪ್ಪತ್ತು ವರುಷ ನೋಡಿದ ಕಡಲನ್ನು
ಈಗಷ್ಟೇ ಯಾರೋ ತಂದಿಟ್ಟಂತೆ.
ಈ ಕಡೆ, ಹಸಿರು ಗೇಟಿನ ಮನೆ. ತಂಗಿ ಗ್ಲೆನಿಸ್.
ಒಂಬತ್ತು ವರುಷದಿಂದ ಮಾತಿಲ್ಲ.
ಅಮ್ಮನನ್ನು ಮಣ್ಣು ಮಾಡಿ ಬಂದ ದಿನ
ಚಹಾ ಆರುವ ಮೊದಲೇ
ಅಮ್ಮನ ಹೊಲಿಗೆ ಮಿಷನ್ನು ತಂಗಿಯ ಕಾರಿನಲ್ಲಿ ಕೂತಿತ್ತು.
ಅಷ್ಟೇ. ಅಷ್ಟು ಸಾಕಾಯಿತು.

"ಗುರುತಿಲ್ಲದವರಿಗೆ ಒಳ್ಳೆಯವಳಾಗುವುದು ಸಲೀಸು ಕಣಯ್ಯ,
ವಿಳಾಸ ಗೊತ್ತಿದ್ದರೇ ಕಷ್ಟ."
ಬಸ್ಸು ಖಾಲಿಯಿದ್ದ ಒಂದು ಸಂಜೆ ಹೇಳಿದಳು.
ಕೋಟಿನ ಕಿಸೆಯಿಂದ ಒಂದು ಕಲ್ಲು ತೆಗೆದು ತೋರಿದಳು:
ಬುಟ್ಟಿಯ ಲೆಕ್ಕಕ್ಕೆ ಸೇರದ್ದು, ಕಪ್ಪನೆಯದು,
ಅದರ ಮೇಲೆ ಚಿನ್ನದ ಗೆರೆಯಲ್ಲಿ ಹೊಲಿಗೆ ಮಿಷನ್ನು,
ಸೂಜಿಯ ಕಣ್ಣೂ ಬಿಡಿಸಿದ್ದಳು.
ಬೆನ್ನಿನಲ್ಲಿ ಏನೂ ಬರೆದಿರಲಿಲ್ಲ.

ಶರತ್ಕಾಲವಿಡೀ ಆ ಕಲ್ಲು ಕಿಸೆಯಲ್ಲೇ ಓಡಾಡಿತು,
ಟಿಕೆಟ್ಟಿಲ್ಲದ ಪ್ರಯಾಣಿಕ.
ಒಂದು ದಿನ ಕಿಸೆ ಹರಿದು
ಕೋಟಿನ ಒಳಪದರಕ್ಕೆ ಜಾರಿತು.
ಈಗ ಅವಳು ನಡೆದರೆ ಮೊಣಕಾಲಿಗೆ ಟಕ್, ಟಕ್.
"ತೆಗೆದುಬಿಡಿ" ಅಂದೆ.
"ತೆಗೆಯಲು ಹೊಲಿಗೆ ಬಿಚ್ಚಬೇಕು.
ಬಿಚ್ಚಿದ ಮೇಲೆ ಮತ್ತೆ ಹೊಲಿಯಬೇಕು.
ಹೊಲಿಯಲು..."
ಅಂದವಳು ಕಡಲ ಕಡೆ ತಿರುಗಿದಳು.

ಈ ಮಂಗಳವಾರ ಬುಟ್ಟಿ ಇರಲಿಲ್ಲ.
ಜೂನ್ ತಿಂಗಳ ಚಳಿಯಲ್ಲಿ
ಕೋಟನ್ನು ತೊಡದೆ, ಮಡಿಸಿ ತೊಡೆಯ ಮೇಲಿಟ್ಟು ಕೂತಿದ್ದಳು,
ಒಂದು ಮಗ್ಗುಲು ಭಾರವಾಗಿ ಜೋಲುತ್ತಿತ್ತು.
ಹನ್ನೊಂದಕ್ಕೆ ಮುಂಚೆ ಗಂಟೆ ಬಾರಿಸಿತು.
ನಿಲ್ಲಿಸಿದೆ. ಬಾಗಿಲು ತೆರೆದೆ.
ಯಾರೂ ಇಳಿಯಲಿಲ್ಲ.

"ಕೈ ತಾಗಿತು, ತಪ್ಪಾಯಿತು" ಅಂದಳು.

ತಪ್ಪಾದರೆ ಆಗಲಿ.
ಇಂಥ ಸ್ಟಾಪಿನಲ್ಲಿ ಹನ್ನೆರಡು ಸೆಕೆಂಡು ಎನ್ನುತ್ತದೆ ಕಂಪನಿಯ ವೇಳಾಪಟ್ಟಿ.
ನಾನು ಕನ್ನಡಿ ಒರೆಸಿದೆ.
ಒರೆಸಿದ ಕನ್ನಡಿಯನ್ನೇ ಮತ್ತೊಮ್ಮೆ ಒರೆಸಿದೆ.
ಹಸಿರು ಗೇಟಿನಾಚೆ ಯಾರೋ ದೀಪ ಹಾಕಿದರು.
ತೆರೆದ ಬಾಗಿಲಿನಿಂದ ಗಾಳಿ ಒಳಗೆ ಬರುತ್ತಿತ್ತು,
ಹಿಂದಿನ ಸೀಟಿನಲ್ಲಿ ಕೋಡಿ
"ಏನು, ಕೆಟ್ಟುಹೋಯಿತಾ ಬಸ್ಸು?" ಅಂದ.
"ಹೂಂ, ಸ್ವಲ್ಪ" ಅಂದೆ.